ಬೆಂಚು, ಬ್ಯಾರೇಜು ಮತ್ತು ಒಂದು ರೂಪಾಯಿ: ಸ್ಥಿರಾಸ್ತಿಗಳ ವರ್ಗೀಕರಣದ ಕಥೆ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಲೆಕ್ಕಪತ್ರದ ಕೆಲಸದಲ್ಲಿದ್ದಾರೆ. ಕೆಲವರು ಸಕ್ಕರೆ ಕಾರ್ಖಾನೆಗಳಲ್ಲಿ, ಕೆಲವರು ಪತ್ತಿನ ಸಹಕಾರ ಸಂಘಗಳಲ್ಲಿ, ಇನ್ನು ಕೆಲವರು ಬೆಂಗಳೂರು, ಪುಣೆಗಳ ಕಂಪನಿಗಳಲ್ಲಿ. ಅವರೊಡನೆ ದೂರವಾಣಿಯಲ್ಲಿ ಮಾತಿಗೆ ಕುಳಿತಾಗ ಪದೇ ಪದೇ ಕೇಳಿಬರುವ ಮಾತೊಂದಿದೆ: "ಸರ, ಉಳಿದ ಲೆಕ್ಕ ಎಲ್ಲಾ ಸಲೀಸ ಐತ್ರಿ. ಈ ಸ್ಥಿರಾಸ್ತಿ ಯಾವ ಗುಂಪಿಗೆ ಹಾಕಬೇಕು ಅನ್ನೂದ ತಿಳೀವಲ್ದು." ನಾನು ವಾಣಿಜ್ಯಶಾಸ್ತ್ರ ಓದಿದವನಲ್ಲ, ಪ್ರೌಢಶಾಲೆಯಲ್ಲಿ ಇತಿಹಾಸ, ಪೌರನೀತಿ ಹೇಳಿಕೊಟ್ಟವನು. ಆದರೂ ಈ ಪ್ರಶ್ನೆ ನನಗೆ ಅಪರಿಚಿತವಲ್ಲ. ಇದು ಗಣಕಯಂತ್ರದೊಂದಿಗೆ ಹುಟ್ಟಿದ ಪ್ರಶ್ನೆಯೂ ಅಲ್ಲ. ಮನುಷ್ಯನು ತನ್ನದೆಂದು ಹೇಳಿಕೊಳ್ಳುವ ವಸ್ತುಗಳನ್ನು ಪಟ್ಟಿಮಾಡತೊಡಗಿದ ದಿನದಿಂದಲೂ ಅದು ಅವನ ಬೆನ್ನಿಗಿದೆ. ಆ ಇತಿಹಾಸವನ್ನು ನಮ್ಮ ಸೀಮೆಯ ಉದಾಹರಣೆಗಳೊಂದಿಗೆ ತಿಳಿಸಬೇಕೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಒಂದು ಪದ, ಎರಡು ಅರ್ಥ

ಮೊದಲಿಗೆ ಪದದ ಗೊಂದಲವನ್ನು ಪರಿಹರಿಸಿಕೊಳ್ಳೋಣ. ಕನ್ನಡದಲ್ಲಿ ‘ಸ್ಥಿರಾಸ್ತಿ’ ಎಂಬ ಒಂದೇ ಪದವನ್ನು ಕಾನೂನಿನವರೂ ಲೆಕ್ಕಪತ್ರದವರೂ ಬಳಸುತ್ತಾರೆ. ಆದರೆ ಇಬ್ಬರ ಅರ್ಥವೂ ಬೇರೆ. ಚುನಾವಣೆಗೆ ನಿಂತ ಅಭ್ಯರ್ಥಿಗಳು ಚರಾಸ್ತಿ, ಸ್ಥಿರಾಸ್ತಿಗಳನ್ನು ಘೋಷಿಸುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಅಲ್ಲಿ ಸ್ಥಿರಾಸ್ತಿ ಎಂದರೆ ಕದಲಿಸಲಾಗದ ಹೊಲ, ಮನೆ, ನಿವೇಶನ. ಟ್ರ್ಯಾಕ್ಟರು ಅಲ್ಲಿ ಚರಾಸ್ತಿ. ಅದೇ ಟ್ರ್ಯಾಕ್ಟರು ಸಂಘವೊಂದರ ಲೆಕ್ಕಪುಸ್ತಕಕ್ಕೆ ಬಂದೊಡನೆ ಸ್ಥಿರಾಸ್ತಿಯಾಗುತ್ತದೆ. ಲೆಕ್ಕಿಗನ ದೃಷ್ಟಿಯಲ್ಲಿ ‘ಸ್ಥಿರ’ವೆಂದರೆ ಅಲುಗಾಡದ್ದು ಎಂದಲ್ಲ, ಮಾರಾಟಕ್ಕಲ್ಲದೆ ವರ್ಷಗಟ್ಟಲೆ ದುಡಿಸಿಕೊಳ್ಳಲು ಇಟ್ಟುಕೊಂಡದ್ದು ಎಂದರ್ಥ.

ಆದ್ದರಿಂದ ವಸ್ತುವನ್ನು ನೋಡಿ ವರ್ಗ ಹೇಳಲಾಗದು. ಅದನ್ನು ಇಟ್ಟುಕೊಂಡ ಉದ್ದೇಶವನ್ನು ನೋಡಬೇಕು. ರಬಕವಿ-ಬನಹಟ್ಟಿಯ ನೇಕಾರನ ಮನೆಯ ಮಗ್ಗ ಅವನಿಗೆ ಸ್ಥಿರಾಸ್ತಿ. ಮಗ್ಗ ಮಾರುವ ವ್ಯಾಪಾರಿಯ ಅಂಗಡಿಯಲ್ಲಿರುವ ಅಂಥದೇ ಮಗ್ಗ ಸರಕು. ಹೂಡುವ ಎತ್ತು ಒಂದು ಬಗೆ, ಸಂತೆಗೆ ಮಾರಲು ತಂದ ಎತ್ತು ಇನ್ನೊಂದು ಬಗೆ. ದ್ರಾಕ್ಷಿ ಬೆಳೆಯುವವರಿಗೆ ಇನ್ನೊಂದು ಸ್ವಾರಸ್ಯ ಹೇಳುತ್ತೇನೆ. ನಮ್ಮ ದೇಶದ ಸ್ಥಿರಾಸ್ತಿಗಳ ಲೆಕ್ಕಮಾನಕವನ್ನು 2016ರಲ್ಲಿ ಪರಿಷ್ಕರಿಸಿದಾಗ, ವರ್ಷ ವರ್ಷವೂ ಫಲ ಕೊಡುವ ಗಿಡಬಳ್ಳಿಗಳನ್ನು ಯಂತ್ರ, ಕಟ್ಟಡಗಳ ಸಾಲಿಗೆ ಸೇರಿಸಿದರು. ಅಂದರೆ ಬಳ್ಳಿ ಸ್ಥಿರಾಸ್ತಿ. ಅದರಲ್ಲಿ ತೂಗುವ ಗೊನೆ ಮಾತ್ರ ಬೆಳೆ.

ಸ್ಥಾವರ, ಜಂಗಮ ಮತ್ತು ಅಷ್ಟಭೋಗ

ಆಸ್ತಿಯನ್ನು ಸ್ಥಾವರ, ಜಂಗಮವೆಂದು ವಿಂಗಡಿಸಿ ಅದರ ಪರಿಣಾಮಗಳನ್ನು ಚರ್ಚಿಸಿದ ಮಹಾಗ್ರಂಥವೊಂದು ಕನ್ನಡ ನೆಲದಲ್ಲೇ ರಚಿತವಾಯಿತೆಂಬುದು ನಮಗೆ ಹೆಮ್ಮೆಯ ವಿಷಯ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವೇ ಅದು. ಕುಟುಂಬದ ಜಂಗಮ ಸೊತ್ತಿನಲ್ಲಿ ತಂದೆಗೆ ಕೆಲಮಟ್ಟಿನ ಸ್ವಾತಂತ್ರ್ಯವುಂಟು. ಆದರೆ ಸ್ಥಾವರವನ್ನು ಮಕ್ಕಳ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ, ಮಾರುವಂತಿಲ್ಲ ಎಂಬುದು ಅದರ ನಿಲುವು. ವಸ್ತು ಯಾವ ವರ್ಗಕ್ಕೆ ಸೇರಿತೆಂಬುದರ ಮೇಲೆ ಅದರ ಮೇಲಿನ ಅಧಿಕಾರವೇ ಬದಲಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಅಷ್ಟು ಹಿಂದೆಯೇ ಅರಿತಿದ್ದರು.

ಶಾಸನಗಳನ್ನು ನೋಡಿದವರಿಗೆ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತು ಪರಿಚಿತ. ಭೂಮಿಯನ್ನು ದಾನ ಕೊಡುವಾಗ ಅದರೊಡನೆ ಬರುವ ಎಂಟು ಹಕ್ಕುಗಳನ್ನು ಹೆಸರಿಸುತ್ತಿದ್ದರು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಹೂತಿಟ್ಟ ಹಣ, ಇಟ್ಟ ಠೇವಣಿ, ನೀರು, ಕಲ್ಲು, ನಿರಂತರ ಉತ್ಪನ್ನ, ಮುಂದೆ ಬರಬಹುದಾದದ್ದು, ಈಗಾಗಲೇ ಕೈಗೂಡಿದ್ದು, ಇನ್ನು ಕೈಗೂಡಿಸಿಕೊಳ್ಳಬಹುದಾದದ್ದು. ಒಂದು ತುಂಡು ಹೊಲವನ್ನು ಎಂಟು ಕಲಮುಗಳಾಗಿ ಬಿಡಿಸಿ ನೋಡುವ ಈ ಜಾಣ್ಮೆಯನ್ನು ಗಮನಿಸಿರಿ. ‘ಮುಂದೆ ಪ್ರಯೋಜನ ತರುವಂಥದ್ದೇ ಆಸ್ತಿ’ ಎಂದು ಇಂದಿನ ಲೆಕ್ಕಶಾಸ್ತ್ರ ಹೇಳುತ್ತದೆ. ಆಗಾಮಿ, ಸಾಧ್ಯ ಎಂಬ ಪದಗಳಲ್ಲಿ ಆ ಮಾತು ಅಡಗಿಯೇ ಇದೆ.

ಪಾಚೋಲಿಯ ಪಟ್ಟಿ

ಜಮಾ-ಖರ್ಚುಗಳ ಜೋಡಿ ನಮೂದು ಪದ್ಧತಿಯನ್ನು ಮೊದಲ ಬಾರಿಗೆ ವಿವರವಾಗಿ ಅಚ್ಚು ಹಾಕಿಸಿದವನು ಇಟಲಿಯ ಸಂನ್ಯಾಸಿ, ಗಣಿತಜ್ಞ ಲೂಕಾ ಪಾಚೋಲಿ. ಗ್ರಂಥವು 1494ರಲ್ಲಿ ವೆನಿಸ್ ನಗರದಲ್ಲಿ ಪ್ರಕಟವಾಯಿತು. ವ್ಯಾಪಾರಿಯು ಲೆಕ್ಕ ಆರಂಭಿಸುವ ಮುನ್ನ ತನ್ನಲ್ಲಿರುವ ಎಲ್ಲ ಸೊತ್ತಿನ ಪಟ್ಟಿಯನ್ನು ಮಾಡಬೇಕೆಂಬುದು ಅವನ ಮೊದಲ ಉಪದೇಶ. ಆ ಪಟ್ಟಿಗೊಂದು ಕ್ರಮವನ್ನೂ ಹೇಳಿದ: ಬೆಲೆಯುಳ್ಳವೂ ಸುಲಭವಾಗಿ ಕಳೆದುಹೋಗುವಂಥವೂ ಆದ ನಗದು, ಒಡವೆಗಳನ್ನು ಮೊದಲು ಬರೆಯಿರಿ, ಮನೆ, ಹೊಲ, ಕೊಳಗಳಂಥ ಸ್ಥಾವರಗಳು ಹಾಗೆ ಕಳೆದುಹೋಗುವವಲ್ಲ, ಅವನ್ನು ಆಮೇಲೆ ಬರೆಯಬಹುದು ಎಂದು.

ವೆನಿಸ್ಸಿನ ವ್ಯಾಪಾರಿಗೆ ಈ ಮಾತು ಸರಿಯಿದ್ದೀತು. ಕೃಷ್ಣೆಯ ದಂಡೆಯ ನಮಗೆ ಮನೆ, ಹೊಲಗಳೂ ಕಳೆದುಹೋಗಬಲ್ಲವೆಂಬುದು ತಿಳಿದಿದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಡೆಡ್‌ಸ್ಟಾಕ್ ಎಂಬ ವಹಿ

ನಾನು ಸೇವೆಯಲ್ಲಿದ್ದ ವರ್ಷಗಳಲ್ಲಿ ಪಾಠದ ಜೊತೆಗೆ ಶಾಲೆಯ ಡೆಡ್‌ಸ್ಟಾಕ್ ರಜಿಸ್ಟರ್ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಉದ್ದನೆಯ ಆ ವಹಿಯಲ್ಲಿ ಅನುಕ್ರಮ ಸಂಖ್ಯೆ, ದಿನಾಂಕ, ವಸ್ತುವಿನ ಹೆಸರು, ಸಂಖ್ಯೆ, ಕಿಮ್ಮತ್ತು, ಎಲ್ಲಿಂದ ಬಂತು ಎಂಬ ಕಲಮುಗಳು, ಕೊನೆಗೆ ‘ಷರಾ’. ಬೆಂಚು, ಕುರ್ಚಿ, ಕಪಾಟು, ಭೂಗೋಲ, ಗಡಿಯಾರಗಳು ಇದರಲ್ಲಿ. ಖಡು, ಶಾಯಿ, ಕಾಗದಗಳು ತೀರಿಹೋಗುವ ವಸ್ತುಗಳಾದ್ದರಿಂದ ಬೇರೊಂದು ಪುಸ್ತಕದಲ್ಲಿ. ಗ್ರಂಥಾಲಯದ ಪುಸ್ತಕಗಳು ಮೂರನೆಯದರಲ್ಲಿ. ವಹಿಯ ಸಂಖ್ಯೆಯನ್ನೇ ಬಿಳಿ ಬಣ್ಣದಲ್ಲಿ ಬೆಂಚಿನ ಅಂಚಿಗೆ ಬರೆಸುತ್ತಿದ್ದೆವು. ನಿಮ್ಮಲ್ಲಿ ಅನೇಕರು ಆ ಸಂಖ್ಯೆಗಳ ಪಕ್ಕದಲ್ಲೇ ಕೈವಾರದ ಮೊನೆಯಿಂದ ನಿಮ್ಮ ಹೆಸರನ್ನೂ ಕೆತ್ತಿದ್ದುಂಟು!

ಬೆಂಚಿಗೆ ‘ಡೆಡ್’ ಎಂದೇಕೆ ಹೆಸರು ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಇದು ವ್ಯಾಪಾರಿಗಳ ಭಾಷೆ. ಕೊಂಡು ಮಾರಿ ಓಡಾಡುವ ಸರಕು ಜೀವಂತ. ಓಡಾಡದೆ ಒಂದೆಡೆ ನಿಂತು ದುಡಿಯುವುದು ನಿರ್ಜೀವ. ಈ ಪದಕ್ಕೆ ದೊಡ್ಡ ಇತಿಹಾಸವೇ ಇದೆ. ಇಂಗ್ಲಿಷರ ಎರಡು ಈಸ್ಟ್ ಇಂಡಿಯಾ ಕಂಪನಿಗಳು 1702ರಲ್ಲಿ ಒಂದಾಗಲು ಒಪ್ಪಿಕೊಂಡಾಗ, ಇಬ್ಬರ ಕೋಟೆ, ಕೋಠಿ, ಉಗ್ರಾಣಗಳಿಗೂ ಬೆಲೆ ಕಟ್ಟಬೇಕಾಯಿತು. ಹಳೆಯ ಕಂಪನಿಯ ಡೆಡ್‌ಸ್ಟಾಕ್ 3,30,000 ಪೌಂಡ್, ಹೊಸದರದ್ದು 70,000 ಪೌಂಡ್ ಎಂದು ನಿಗದಿಯಾಯಿತು. ಹಳೆಯ ಕಂಪನಿಯ ಆ ಪಟ್ಟಿಯಲ್ಲಿ ಮುಂಬಯಿ ದ್ವೀಪವೂ ಸೇರಿತ್ತು! ಒಂದು ನಗರವನ್ನು ಎಣಿಸಿದ ಪದದಿಂದಲೇ ಮುಂಬಯಿ ಪ್ರಾಂತದ ಶಾಲೆಯ ಬೆಂಚುಗಳನ್ನೂ ಎಣಿಸಿದರು. ಏಕೀಕರಣದ ನಂತರವೂ ನಮ್ಮ ಭಾಗದ ಕಚೇರಿಗಳಲ್ಲಿ ಆ ಪದ ಉಳಿದುಬಂತು.

ಈ ವಹಿ ನನಗೆ ಕಲಿಸಿದ ಪಾಠ ಒಂದೇ. ವಹಿಯಲ್ಲಿ ಏರಿದ ಮುರುಕು ಕುರ್ಚಿಯನ್ನು ಪ್ರತಿ ವರ್ಷ ಹುಡುಕಿ, ಎಣಿಸಿ, ರಿಪೇರಿಗೆ ಬರೆಯುತ್ತಿದ್ದೆವು; ಊರವರು ಪ್ರೀತಿಯಿಂದ ಕೊಟ್ಟರೂ ವಹಿಯಲ್ಲಿ ಏರದ ವಸ್ತುವನ್ನು ಯಾರೂ ಕೇಳುತ್ತಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ವಾರಸುದಾರನಿಲ್ಲ.

ಸಂಸ್ಥಾನಗಳ ವಿಲೀನ: ಯಾವುದು ದೊರೆಯದು, ಯಾವುದು ಪ್ರಜೆಯದು?

ವರ್ಗೀಕರಣವು ಇತಿಹಾಸದ ದೊಡ್ಡ ಘಟನೆಗಳಲ್ಲಿಯೂ ಪಾತ್ರ ವಹಿಸುತ್ತದೆ. ನಮ್ಮ ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರ ಸಂಸ್ಥಾನ. 1948ರ ಮಾರ್ಚ್ 8ರಂದು ಇವೆರಡೂ ಇತರ ದಖ್ಖನ್ ಸಂಸ್ಥಾನಗಳೊಡನೆ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಆಗ ಎದ್ದ ಪ್ರಶ್ನೆ: ಅರಮನೆ, ತೋಟ, ಠೇವಣಿ, ನಗದುಗಳಲ್ಲಿ ದೊರೆಯ ಖಾಸಗಿ ಸೊತ್ತು ಯಾವುದು, ಸಂಸ್ಥಾನದ್ದು ಯಾವುದು? ಅಲ್ಲಿಯವರೆಗೆ ಆ ಗೆರೆಯನ್ನು ಎಳೆಯುವ ಅಗತ್ಯವೇ ಅಷ್ಟಾಗಿ ಬಿದ್ದಿರಲಿಲ್ಲ. ವಿಲೀನ ಒಪ್ಪಂದಗಳಲ್ಲಿ ಇದಕ್ಕೊಂದು ಕಲಮನ್ನೇ ಇಟ್ಟರು: ತನ್ನ ಖಾಸಗಿ ಒಡೆತನದ ಸ್ಥಾವರ ಆಸ್ತಿ, ಸಾಲಪತ್ರ ಹಾಗೂ ನಗದು ಶಿಲ್ಕಿನ ಪಟ್ಟಿಯನ್ನು ದೊರೆಯು ನಿಗದಿತ ಗಡುವಿನೊಳಗೆ ಸರ್ಕಾರಕ್ಕೆ ಸಲ್ಲಿಸತಕ್ಕದ್ದು. ಖಡ್ಗದ ಹಂಗಿಲ್ಲದೆ ರಾಜ್ಯಗಳು ಕೈ ಬದಲಾದಾಗ, ಆ ಬದಲಾವಣೆಯನ್ನು ಪೂರ್ಣಗೊಳಿಸಿದ್ದು ಎರಡು ಕಲಮುಗಳ ಒಂದು ಪಟ್ಟಿ.

ಸವಕಳಿ

ಇನ್ನು ಸವಕಳಿಯ ಮಾತು. ಸವೆಯುವುದರಿಂದ ಸವಕಳಿ, ಎಷ್ಟು ಅಂದವಾದ ಕನ್ನಡ ಪದ! ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ರೈಲು ಕಂಪನಿಗಳು ಈ ಪ್ರಶ್ನೆಯನ್ನು ಬಲವಾಗಿ ಎದುರಿಸಿದವು. ಹಳಿಗಳನ್ನು ಆಗಾಗ ದುರಸ್ತಿ ಮಾಡುತ್ತಿದ್ದರೆ ಸಾಕು, ಅವು ಎಂದಿಗೂ ಹೊಸದರಂತೆಯೇ ಇರುತ್ತವೆ ಎಂದು ಅನೇಕರು ಭಾವಿಸಿದ್ದರು. ಬಂದ ಲಾಭವನ್ನು ಪಾಲುದಾರರಿಗೆ ಹಂಚಿದ ಮೇಲೆ ಹಳಿ ಬದಲಿಸುವ ಕಾಲ ಬಂತು. ಆಗ ಪ್ರತಿ ವರ್ಷದ ಸವೆತವೂ ಆ ವರ್ಷದ ಖರ್ಚೇ ಎಂಬ ಅರಿವು ಗಟ್ಟಿಯಾಯಿತು.

ಒಂದು ಪಂಪ್‌ಸೆಟ್ಟಿನ ಬೆಲೆ 60,000 ರೂಪಾಯಿ ಎಂದಿಟ್ಟುಕೊಳ್ಳಿರಿ. ಹತ್ತು ವರ್ಷ ಬಾಳುವುದೆಂದು ಸಮನಾಗಿ ಹಂಚಿದರೆ ವರ್ಷಕ್ಕೆ 6,000 ಸವಕಳಿ. ಇದಕ್ಕೆ ಬದಲಾಗಿ ಉಳಿದ ಬೆಲೆಯ ಮೇಲೆ ಶೇಕಡಾ 15ರಂತೆ ಕಳೆಯುತ್ತ ಹೋದರೆ ಮೊದಲ ವರ್ಷದ ಕೊನೆಗೆ 51,000, ಎರಡನೆಯದರ ಕೊನೆಗೆ 43,350 ಉಳಿಯುತ್ತದೆ. ಈ ಎರಡನೆಯ ದಾರಿಯಲ್ಲಿ ಬೆಲೆ ಎಂದಿಗೂ ಸೊನ್ನೆಯಾಗದು. ಗುಣೋತ್ತರ ಶ್ರೇಢಿಯ ಲೆಕ್ಕವನ್ನು ನೆನಪಿಟ್ಟುಕೊಂಡವರಿಗೆ ಕಾರಣ ಹೇಳಬೇಕಾಗಿಲ್ಲ. ವರ್ಗೀಕರಣ ಬೇಕಾಗುವುದು ಇಲ್ಲಿಯೇ: ಬಗೆಬಗೆಯ ವಸ್ತು ಬಗೆಬಗೆಯ ವೇಗದಲ್ಲಿ ಸವೆಯುತ್ತದೆ. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಸೇತುವೆ, ಒಡ್ಡುಗಳಿಗೆ 30 ವರ್ಷ, ಸಾಮಾನ್ಯ ಯಂತ್ರಗಳಿಗೆ 15, ಪೀಠೋಪಕರಣಕ್ಕೆ 10, ಮೇಜಿನ ಗಣಕಯಂತ್ರಕ್ಕೆ 3 ವರ್ಷ ಆಯುಷ್ಯ ಹೇಳಿದೆ. ಭೂಮಿಗೆ ಮಾತ್ರ ಸಾಮಾನ್ಯವಾಗಿ ಸವಕಳಿಯಿಲ್ಲ. ಆದ್ದರಿಂದಲೇ ಜಾಗ ಮತ್ತು ಕಟ್ಟಡವನ್ನು ಒಂದೇ ಮೊತ್ತಕ್ಕೆ ಕೊಂಡರೂ ಪುಸ್ತಕದಲ್ಲಿ ಬೇರೆ ಬೇರೆ ಬರೆಯಬೇಕು.

ಗಣಕಯಂತ್ರ ಬಂದ ಮೇಲೆ

ನಮ್ಮ ಸೀಮೆಯ ಅಂಗಡಿ, ಸಂಘಗಳಲ್ಲಿ ಗಣಕೀಕೃತ ಲೆಕ್ಕವೆಂದರೆ ಬಹುಮಟ್ಟಿಗೆ ‘ಟ್ಯಾಲಿ’. ಅದರ ಹುಟ್ಟಿಗೂ ಬಟ್ಟೆ ಗಿರಣಿಗಳಿಗೂ ನಂಟಿದೆ ಎಂದರೆ ಬನಹಟ್ಟಿಯವರಿಗೆ ಸಂತೋಷವಾದೀತು. ಕಾರ್ಖಾನೆಗಳಿಗೂ ಬಟ್ಟೆ ಗಿರಣಿಗಳಿಗೂ ಸಾಮಗ್ರಿ ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರು ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದೆ, ಗಣಿತ ಪದವೀಧರನಾದ ಮಗ ಭರತ್ ಗೋಯೆಂಕಾಗೆ ಅದನ್ನು ರಚಿಸಲು ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆ 1999ರಲ್ಲಿ ಟ್ಯಾಲಿ ಸಲ್ಯೂಷನ್ಸ್ ಆಯಿತು. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು.

ಟ್ಯಾಲಿಯಲ್ಲಿ ಮೊದಲೇ ಸಿದ್ಧವಾಗಿ ಬರುವ ಗುಂಪುಗಳು 28. ಅವುಗಳಲ್ಲಿ ಸ್ಥಿರಾಸ್ತಿಯೂ ಒಂದು. ಅದರ ಕೆಳಗಿನ ಮನೆಯನ್ನು ಮಾತ್ರ ನಾವೇ ಕಟ್ಟಬೇಕು. ನನ್ನ ಶಿಷ್ಯರು ತಪ್ಪದೆ ಪಾಲಿಸಬೇಕಾದ ಕ್ರಮವನ್ನು ಡೆಡ್‌ಸ್ಟಾಕ್ ವಹಿಯ ಅನುಭವದಿಂದಲೇ ಹೇಳುತ್ತೇನೆ. ಮೊದಲು ಸ್ವಭಾವದಂತೆ ಉಪಗುಂಪುಗಳನ್ನು ಮಾಡಿರಿ: ಭೂಮಿ, ಕಟ್ಟಡ, ಯಂತ್ರ, ವಾಹನ, ಪೀಠೋಪಕರಣ, ಗಣಕಯಂತ್ರ. ಒಂದೇ ಬಗೆಯಲ್ಲಿ ಸವೆಯುವವು ಒಂದೇ ಗುಂಪಿನಲ್ಲಿರಲಿ. ದೊಡ್ಡ ವಸ್ತು ಪ್ರತಿಯೊಂದಕ್ಕೂ ಪ್ರತ್ಯೇಕ ಖಾತೆ ತೆರೆಯಿರಿ. ಐವತ್ತು ಕುರ್ಚಿಗಳಿಗೆ ಐವತ್ತು ಖಾತೆ ಬೇಡ, ಒಂದು ಖಾತೆ ಸಾಕು. ಪ್ರತಿ ವಸ್ತುವಿಗೂ ಗುರುತಿನ ಸಂಖ್ಯೆ, ಕೊಂಡ ದಿನ, ಬಳಕೆಗೆ ತಂದ ದಿನ, ಇರುವ ಸ್ಥಳ, ಬಿಲ್ಲಿನ ಸಂಖ್ಯೆ ಇರಲಿ. ಸಾಗಣೆ, ಜೋಡಣೆಯ ಖರ್ಚು ವಸ್ತುವಿನ ಬೆಲೆಗೇ ಸೇರುತ್ತದೆ. ಇನ್ನೂ ಮುಗಿಯದ ಕಟ್ಟಡವನ್ನು ‘ನಡೆಯುತ್ತಿರುವ ಕಾಮಗಾರಿ’ಯಲ್ಲಿಟ್ಟು, ಮುಗಿದ ಮೇಲೆ ಕಟ್ಟಡಕ್ಕೆ ವರ್ಗಾಯಿಸಿರಿ. ಬಣ್ಣ ಹೊಡೆಸಿದರೆ ಖರ್ಚು. ಮಹಡಿ ಏರಿಸಿದರೆ ಆಸ್ತಿ. ವರ್ಷಕ್ಕೊಮ್ಮೆ ಪುಸ್ತಕ ಹಿಡಿದು ವಸ್ತುವಿನ ಎದುರಿಗೆ ಹೋಗಿ ನಿಲ್ಲಿರಿ. ಈ ಕೊನೆಯ ಕೆಲಸವನ್ನು ಮಾಡುವ ತಂತ್ರಾಂಶ ಇನ್ನೂ ಬಂದಿಲ್ಲ.

ನಮ್ಮ ಸ್ಥಳೀಯ ಸಂಸ್ಥೆಗಳಿಗೂ ಈ ಗಾಳಿ ತಗಲಿತು. ಬಹುಕಾಲ ಪುರಸಭೆ, ಪಂಚಾಯಿತಿಗಳ ಲೆಕ್ಕವೆಂದರೆ ಬಂದ ಹಣ, ಹೋದ ಹಣ ಅಷ್ಟೇ. ನೀರಿನ ಟಾಕಿ ಕಟ್ಟಿದ ವರ್ಷ ಅದೊಂದು ಖರ್ಚು. ಮರುವರ್ಷದ ಲೆಕ್ಕದಲ್ಲಿ ಟಾಕಿಯ ಸುಳಿವೇ ಇಲ್ಲ. 2004ರಲ್ಲಿ ರಾಷ್ಟ್ರೀಯ ಪುರಸಭಾ ಲೆಕ್ಕಪತ್ರ ಕೈಪಿಡಿ ಸಿದ್ಧವಾಯಿತು. ಕರ್ನಾಟಕದಲ್ಲಿ ಪುರಸಭೆಗಳಿಗೆ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳೂ, ಗ್ರಾಮ ಪಂಚಾಯಿತಿಗಳಿಗೆ ಅದೇ ವರ್ಷದ ನಿಯಮಗಳೂ ಬಂದು ಜೋಡಿ ನಮೂದು ಪದ್ಧತಿಯನ್ನು ವಿಧಿಸಿದವು. ಗ್ರಾಮ ಪಂಚಾಯಿತಿಗಳಿಗೆ ಅದು 2007ರ ಏಪ್ರಿಲ್ 1ರಿಂದ ಅನ್ವಯವಾಯಿತು. ‘ಪಂಚತಂತ್ರ’ ಎಂಬ ತಂತ್ರಾಂಶವೂ ಬಂತು. ರಸ್ತೆ, ಸೇತುವೆ, ಚರಂಡಿ, ಬೀದಿದೀಪ, ನೀರಿನ ಕಾಮಗಾರಿಗಳು ಆಸ್ತಿಯ ಸಾಲಿನಲ್ಲಿ ನಿಲ್ಲುವ ಕ್ರಮ ಬಂದದ್ದು ಹೀಗೆ.

ಆ 2004ರ ಕೈಪಿಡಿಯಲ್ಲಿ ನನ್ನ ಮನಸ್ಸನ್ನು ಹಿಡಿದ ಒಂದು ನಿಯಮವಿದೆ: ಹಣ ಕೊಡದೆ, ಉಚಿತವಾಗಿ ಬಂದ ಸ್ಥಿರಾಸ್ತಿಯನ್ನು ಒಂದು ರೂಪಾಯಿಯ ನಾಮಮಾತ್ರ ಬೆಲೆಗೆ ದಾಖಲಿಸಬೇಕು. ಮೊದಲ ಓದಿಗೆ ಇದು ದಾನಿಗೆ ಮಾಡಿದ ಅವಮಾನವೆನ್ನಿಸುತ್ತದೆ. ಯೋಚಿಸಿದರೆ ಇದರ ವಿವೇಕ ತಿಳಿಯುತ್ತದೆ. ಒಂದು ರೂಪಾಯಿ ಎಂಬುದು ಆ ವಸ್ತುವಿನ ಬೆಲೆಯಲ್ಲ. ಅದು ಪಟ್ಟಿಯಲ್ಲಿ ಉಳಿಯಲು ತೆತ್ತ ಪ್ರವೇಶ ಶುಲ್ಕ.

ಶ್ರಮಬಿಂದು ಸಾಗರ ಯಾವ ಕಲಮಿಗೆ?

ಈಗ ನಮ್ಮ ಚಿಕ್ಕಪಡಸಲಗಿಯ ಬ್ಯಾರೇಜಿನತ್ತ ಬರೋಣ. ದೂರದೂರಿನ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ: ಎದುರಿಗೇ ಕೃಷ್ಣೆ ಹರಿದರೂ ಬೇಸಿಗೆಯಲ್ಲಿ ಈ ಸೀಮೆಯ ಹೊಲಗಳು ಒಣಗುತ್ತಿದ್ದವು. ಸರ್ಕಾರವನ್ನು ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರ ರೈತ ಸಂಘವನ್ನು ಕಟ್ಟಿಕೊಂಡು, ವಂತಿಗೆ ಎತ್ತಿ, ಮೈಮುರಿದು ದುಡಿದು, 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ನಿಲ್ಲಿಸಿದರು. ರೈತರೇ ಕಟ್ಟಿದ ದೇಶದ ಮೊದಲ ಬ್ಯಾರೇಜೆಂದು ಅದು ಹೆಸರಾಯಿತು. ಬೆವರಹನಿಗಳ ನೆನಪಿಗೆ ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಆ ಕೆಲಸವೇ ನ್ಯಾಮಗೌಡರನ್ನು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯ ಎದುರು ಗೆಲ್ಲಿಸಿತು. 2018ರ ಮೇ 28ರಂದು ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಇಂಥ ಬ್ಯಾರೇಜನ್ನು ಸಂಘವೊಂದು ತನ್ನ ಗಣಕಯಂತ್ರದಲ್ಲಿ ಏರಿಸಬೇಕಾದರೆ ಹೇಗೆ? ಇದನ್ನು ನನ್ನ ಶಿಷ್ಯರಿಗೆ ಮನೆಗೆಲಸವಾಗಿ ಕೊಡುತ್ತಿದ್ದೇನೆ. ಅರ್ಧ ದಾರಿ ನಾನೇ ನಡೆಸುತ್ತೇನೆ.

ಭೂಮಿ: ಈ ಕಲಮು ಖಾಲಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಮಿನಂತೆ ನದಿ, ನದೀಪಾತ್ರಗಳು ರಾಜ್ಯ ಸರ್ಕಾರದವು. ನೆಲ ತನ್ನದಲ್ಲದಿದ್ದರೂ ಮೇಲಿನ ಕಟ್ಟಡಕ್ಕೆ ದುಡ್ಡು ಹಾಕಿದವರು ಬೇರೆಯಾಗಿರಬಹುದೆಂಬುದು ಮೊದಲ ಪಾಠ.

ಕಟ್ಟಡ: ಅಡಿಪಾಯ, ಕಂಬಗಳು ಒಂದು ಖಾತೆ. ನೀರು ತಡೆಯುವ ಗೇಟುಗಳು ಇನ್ನೊಂದು. ಏಕೆಂದರೆ ಕಾಂಕ್ರೀಟಿಗಿಂತ ಅವು ಬೇಗ ಸವೆಯುತ್ತವೆ. ಪಂಪು, ಮೋಟಾರುಗಳು ಮೂರನೆಯದು. ಆಲಮಟ್ಟಿಯ ಹಿನ್ನೀರನ್ನು ಪಂಪುಗಳಿಂದ ಎತ್ತಿ ಬ್ಯಾರೇಜಿಗೆ ತುಂಬಿಸುವ ಸಾಹಸವನ್ನೂ ನಮ್ಮ ರೈತರು ಮಾಡಿದ್ದಾರಷ್ಟೆ. ಇಡೀ ಬ್ಯಾರೇಜನ್ನು ಒಂದೇ ಸಾಲಿನಲ್ಲಿ ಬರೆದರೆ ಗೇಟು ಬದಲಿಸುವ ವರ್ಷ ಲೆಕ್ಕ ತೊಡರಿಕೊಳ್ಳುತ್ತದೆ.

ವಂತಿಗೆ: ರೈತರು ಕೊಟ್ಟ ಹಣ ಆದಾಯವಲ್ಲ. ಆಸ್ತಿ ಕಟ್ಟಲೆಂದೇ ಬಂದದ್ದರಿಂದ ಅದು ಎಡಗಡೆಯ ಬಂಡವಾಳ ನಿಧಿಗೆ ಸೇರಬೇಕು.

ಆಯುಷ್ಯ: ಮೇಲೆ ಹೇಳಿದ ಅನುಸೂಚಿಯ 30 ವರ್ಷವನ್ನು ಅಳತೆಗೋಲಾಗಿ ಹಿಡಿದರೆ 1989ರ ಕಟ್ಟಡದ ಪುಸ್ತಕದ ಬೆಲೆ 2019ಕ್ಕೆ ಬಹುತೇಕ ತೀರಿತು. ಪುಸ್ತಕದಲ್ಲಿ ಬೆಲೆ ತೀರಿದರೂ ನದಿಯಲ್ಲಿ ನೀರು ನಿಲ್ಲುತ್ತಲೇ ಇದೆ. ಅಂಥ ಆಸ್ತಿಯನ್ನು ಪಟ್ಟಿಯಿಂದ ಅಳಿಸಬಾರದು. ಒಂದು ರೂಪಾಯಿಗಾದರೂ ಉಳಿಸಿಕೊಳ್ಳಬೇಕು.

ಶ್ರಮ: ಇಲ್ಲಿ ಎಲ್ಲ ತಂತ್ರಾಂಶಗಳೂ ಮೌನವಾಗುತ್ತವೆ. ಸಿಮೆಂಟಿಗೆ ಬಿಲ್ಲಿದೆ, ಕಬ್ಬಿಣಕ್ಕೆ ಬಿಲ್ಲಿದೆ. ಬೆಳಗಿನ ರೊಟ್ಟಿ ಕಟ್ಟಿಕೊಂಡು ಬಂದು ಕಲ್ಲು ಹೊತ್ತವರಿಗೆ ಬಿಲ್ಲಿಲ್ಲ. ಕೊಟ್ಟ ಹಣವೇ ವಸ್ತುವಿನ ಬೆಲೆ ಎಂಬ ನಿಯಮದಂತೆ ಉಚಿತ ದುಡಿಮೆಯ ಬೆಲೆ ಸೊನ್ನೆ. ಹೆಸರಿನಲ್ಲೇ ಶ್ರಮವನ್ನು ಹೊತ್ತ ಆಸ್ತಿಯ ಲೆಕ್ಕದಲ್ಲಿ ಶ್ರಮವೇ ಕಾಣುವುದಿಲ್ಲ! ಇದು ಲೆಕ್ಕಶಾಸ್ತ್ರದ ದೋಷವೆಂದು ನಾನು ದೂರುವುದಿಲ್ಲ. ಅಳೆಯಬಲ್ಲದ್ದನ್ನು ಮಾತ್ರ ಅದು ಅಳೆಯುತ್ತದೆ. ಉಳಿದದ್ದಕ್ಕಾಗಿ ಹಳೆಯ ವಹಿಯಲ್ಲಿ ಹಿರಿಯರು ಒಂದು ಕಲಮು ಇಟ್ಟಿದ್ದರು, ಅದೇ ‘ಷರಾ’. ತಂತ್ರಾಂಶದಲ್ಲಿಯೂ ವಿವರಣೆ ಬರೆಯುವ ಜಾಗವಿದೆ. ಬಹಳ ಮಂದಿ ಅದನ್ನು ಖಾಲಿ ಬಿಡುತ್ತಾರೆ. ಯಾರು ಕೊಟ್ಟರು, ಯಾವ ಊರವರು ಎಷ್ಟು ದಿನ ದುಡಿದರು ಎಂಬುದನ್ನು ಅಲ್ಲಿ ಬರೆಯಿರಿ. ಇಲ್ಲವಾದರೆ ಇನ್ನೆರಡು ತಲೆಮಾರಿನ ನಂತರ ಅದು ಬರೇ ಕಾಂಕ್ರೀಟು.

ಒಂದು ಪದದ ಬೆಲೆ

ವರ್ಗೀಕರಣ ಕಚೇರಿಯವರ ಕೆಲಸ, ನಮಗೇಕೆ ಎನ್ನುವವರಿಗಾಗಿ ಎರಡು ಸಂಗತಿಗಳನ್ನು ನೆನಪಿಸುತ್ತೇನೆ. ಎರಡೂ ನಮ್ಮ ನದಿಯ ದಂಡೆಯವು.

2019ರ ಆಗಸ್ಟಿನ ಪ್ರವಾಹ ಮುಗಿದ ಮೇಲೆ ಕುಸಿದ ಮನೆಗಳನ್ನು ಸರ್ಕಾರವು ಎ, ಬಿ, ಸಿ ಎಂದು ಮೂರು ವರ್ಗ ಮಾಡಿತು. ಪೂರ್ತಿ ಬಿದ್ದ ‘ಎ’ ವರ್ಗಕ್ಕೆ 5 ಲಕ್ಷ ರೂಪಾಯಿ. ಅಲ್ಪಸ್ವಲ್ಪ ಹಾನಿಯ ‘ಸಿ’ ವರ್ಗಕ್ಕೆ 50 ಸಾವಿರ. ಗೋಡೆಯ ಬಿರುಕನ್ನು ನೋಡಿ ಬರೆದ ಒಂದು ಅಕ್ಷರ ಒಂದು ಕುಟುಂಬದ ಮುಂದಿನ ಹತ್ತು ವರ್ಷಗಳನ್ನು ನಿರ್ಧರಿಸಿತು.

ಎರಡನೆಯದು ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆ ಜಲಾಶಯಕ್ಕೆ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿತು. 2010ರಲ್ಲಿ ಎರಡನೆಯ ನ್ಯಾಯಾಧಿಕರಣವು 524.256 ಮೀಟರಿಗೆ ಅನುಮತಿ ನೀಡಿತು. ಬಾಗಲಕೋಟೆಯ ಹಳೆಯ ಓಣಿಗಳು, ಬೀಳಗಿ ಸೀಮೆಯ ಹೊಲಗಳು ನೀರಿನಡಿ ಹೋದದ್ದನ್ನು ಕಣ್ಣಾರೆ ಕಂಡವರು ನಾವು. ಭೂಮಿಗೆ ಸವಕಳಿಯಿಲ್ಲ ಎಂದ ಪುಸ್ತಕವಾಗಲಿ, ಸ್ಥಾವರ ಕಳೆದುಹೋಗದು ಎಂದ ಪಾಚೋಲಿಯಾಗಲಿ ಇದನ್ನು ಊಹಿಸಿರಲಿಲ್ಲ. ಮಟ್ಟವನ್ನು ಏರಿಸುವ ಯೋಜನೆಯ ಮುಳುಗಡೆ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ನಿಗದಿಪಡಿಸಿದ ದರ: ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿ ಎಕರೆಗೆ 30 ಲಕ್ಷ. ಉತಾರದಲ್ಲಿನ ಒಂದು ಪದದ ಬೆಲೆ ಎಕರೆಗೆ 10 ಲಕ್ಷ ರೂಪಾಯಿ! ಬಾವಿ ತೋಡಿ, ಪೈಪು ಎಳೆದು, ಕಬ್ಬು ಬೆಳೆದರೂ ಉತಾರದಲ್ಲಿ ಒಣಭೂಮಿ ಎಂದೇ ಉಳಿದಿದ್ದರೆ ಜಂಟಿ ಅಳತೆಯ ದಿನ ಬಾಯಿಮಾತು ನಡೆಯುವುದು ಕಷ್ಟ. ಆದ್ದರಿಂದ ಬಂಧುಗಳೇ, ನಿಮ್ಮ ಉತಾರದಲ್ಲಿ ಬಾವಿ, ಬೆಳೆ, ಮರಗಳು ಸರಿಯಾಗಿ ಏರಿವೆಯೇ ಎಂಬುದನ್ನು ಇಂದೇ ನೋಡಿಕೊಳ್ಳಿರಿ.

ಮುಗಿಸುವ ಮುನ್ನ

‘ಆಸ್ತಿ’ ಎಂಬ ಪದದ ಬೇರು ‘ಅಸ್ತಿ’, ಅಂದರೆ ‘ಇದೆ’. ಇದೆ ಎಂದು ಎಲ್ಲೋ ಒಂದೆಡೆ ಬರೆದಿಡುವವರೆಗೆ ವಸ್ತುವಿನ ಇರವು ಪೂರ್ಣವಾಗುವುದಿಲ್ಲ. ಮಿತಾಕ್ಷರೆಯಿಂದ ಟ್ಯಾಲಿಯವರೆಗೆ ನಡೆದ ವರ್ಗೀಕರಣಗಳೆಲ್ಲ ಕೇಳಿದ್ದು ಮೂರೇ ಪ್ರಶ್ನೆ: ಇದು ಏನು? ಯಾರದು? ಇದನ್ನು ಕಾಯುವವರಾರು? ಮೊದಲನೆಯದಕ್ಕೆ ತಂತ್ರಾಂಶ ನೆರವಾದೀತು. ಉಳಿದೆರಡಕ್ಕೆ ಉತ್ತರ ಬರೆಯಬೇಕಾದವರು ಕೀಲಿಮಣೆಯ ಮುಂದೆ ಕುಳಿತ ನೀವು.

ನಿಮ್ಮ ನಿಮ್ಮ ಊರುಗಳಲ್ಲಿ ಹಿರಿಯರು ವಂತಿಗೆ ಹಾಕಿ ಕಟ್ಟಿದ ಬಾವಿ, ಗುಡಿಯ ಪೌಳಿ, ಶಾಲೆಯ ಕೋಣೆ, ಸಮುದಾಯ ಭವನಗಳು ಯಾವ ಪುಸ್ತಕದಲ್ಲಿವೆ ಎಂದು ಒಮ್ಮೆ ವಿಚಾರಿಸಿರಿ. ಎಲ್ಲಿಯೂ ಇಲ್ಲವಾದರೆ ಒಂದು ನೋಟುಬುಕ್ಕಿನಲ್ಲಾದರೂ ಏರಿಸಿರಿ: ಹೆಸರು, ವರ್ಷ, ಅಳತೆ, ಕಿಮ್ಮತ್ತು. ಕಿಮ್ಮತ್ತು ತಿಳಿಯದಿದ್ದರೆ ಒಂದು ರೂಪಾಯಿ ಎಂದು ಬರೆಯಿರಿ. ಷರಾ ಕಲಮನ್ನು ಮಾತ್ರ ಖಾಲಿ ಬಿಡಬೇಡಿರಿ.